ಹಾಯಿದೋಣಿಗೆ ಹಾಕಿದ ಚೀಲದ ಗಂಟು

ನಮ್ಮ ಮನೆಯ ಪಡಸಾಲೆಯಲ್ಲಿ, ಛತ್ರಿಗೂ ಸಂತೆಚೀಲಕ್ಕೂ ನಡುವಿನ ಮೊಳೆಗೆ, ಎರಡು ಲೈಫ್ ಜಾಕೆಟ್‌ಗಳು ತೂಗುಬಿದ್ದಿವೆ. ಕಣ್ಣಿಗೆ ರಾಚುವ ಕಿತ್ತಳೆ ಬಣ್ಣ. ಕಮರಿಪೇಟೆಯ ಓಣಿಯೊಳಗಿನ ಮನೆಯಲ್ಲಿ ಇವಕ್ಕೇನು ಕೆಲಸ ಎಂದು ಬಂದವರೆಲ್ಲ ಕೇಳುತ್ತಾರೆ. ಗ್ಯಾಸ್ ಸಿಲಿಂಡರ್ ತರುವವನಂತೂ ಸಿಲಿಂಡರನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು, "ಮಹಾಪೂರ ಬರ್ತೈತೇನ್ರಿ ಸರ?" ಎಂದು ಕೇಳಿದ. ನನ್ನನ್ನು ಬಲ್ಲವರು ಮಾತ್ರ ಕೇಳುವುದಿಲ್ಲ. ಮಳೆಗಾಲಕ್ಕೆಂದು ಈತ ಮುಂಚಿತವಾಗಿಯೇ ತಂದಿಟ್ಟಿದ್ದಾನೆ ಎಂದು ಅವರೇ ತಿಳಿದುಕೊಳ್ಳುತ್ತಾರೆ. ಅವರದೂ ತಪ್ಪಲ್ಲ. ಓಣಿಯ ತಿರುವಿನವರೆಗೆ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮರಳಿ ಬರುವ ಮನುಷ್ಯ ನಾನು. ಬಂದು ನೋಡಿದರೆ ಗ್ಯಾಸ್ ಆರಿರುತ್ತದೆ. ಆ ಸಮಾಧಾನದಲ್ಲಿ ಎರಡನೆಯ ಸಲ ಹೊರಡುವಾಗ ಮನೆಗೆ ಬೀಗ ಹಾಕುವುದನ್ನು ಮರೆತಿರುತ್ತೇನೆ.

ಇಂಥ ನಾನು, ಐವತ್ತಮೂರನೆಯ ವಯಸ್ಸಿನಲ್ಲಿ, ಈಜು ಬಾರದವನು, ಹೆಂಡತಿಯ ಜೊತೆ ಹಾಯಿದೋಣಿ ನಡೆಸಲು ಕಲಿತೆ. ನಗಬೇಡಿ. ನಕ್ಕರೂ ಪರವಾಗಿಲ್ಲ, ಓಣಿಯವರೆಲ್ಲ ನಕ್ಕು ಮುಗಿದಿದೆ.

ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ನಳದಿಂದ ಬರುವ ವಸ್ತು. ಅದೂ ದಿನಾ ಬರುವುದಲ್ಲ. ನಾನು ಸಣ್ಣವನಿದ್ದಾಗ "ನಳ ಬಂತು!" ಎಂದು ಓಣಿಯ ಒಂದು ತುದಿಯಲ್ಲಿ ಎದ್ದ ಕೂಗು ಇನ್ನೊಂದು ತುದಿ ಮುಟ್ಟುವುದರೊಳಗೆ ಊಟದ ತಾಟಿನ ಮುಂದಿನಿಂದ ಜನ ಎದ್ದಿರುತ್ತಿದ್ದರು. ಹಂಡೆ, ಕೊಡ, ಬಕೀಟು ಎಲ್ಲ ತುಂಬಿದ ಮೇಲೆ ನಮ್ಮವ್ವ ಚರಿಗೆ ತುಂಬುತ್ತಿದ್ದಳು, ಆಮೇಲೆ ಲೋಟ, ಕಡೆಗೆ ಒಂದು ಸಲ ನನ್ನ ಹೊಸ ಕಂಪಾಸು ಪೆಟ್ಟಿಗೆಯನ್ನೂ. ನಾವು ನೀರನ್ನು ತುಂಬಿಡುವ ಜನ. ಅದರ ಮೇಲೆ ತೇಲುವ ಜನ ಅಲ್ಲ. ಬೇಸಿಗೆಯ ಸೂಟಿಯಲ್ಲಿ ಅಜ್ಜನ ಊರಿನ ಬಾವಿಯಲ್ಲಿ ಸೋದರಮಾವ ನನ್ನ ಬೆನ್ನಿಗೆ ಬಾಯಿ ಮುಚ್ಚಿದ ಖಾಲಿ ಡಬ್ಬಿ ಕಟ್ಟಿ ಈಜು ಕಲಿಸಲು ನೋಡಿದ. ಮೂರು ಬೇಸಿಗೆ ನಾನು ಬಾವಿಯ ಒಂದೇ ಮೆಟ್ಟಿಲನ್ನು ತಬ್ಬಿಕೊಂಡು ನಿಂತೆ. ಕಡೆಗೆ ಮಾವನೇ ಬೇಸತ್ತು, "ಅದರ ಜೋಡಿ ಲಗ್ನಾ ಮಾಡಿಬಿಡೂಣೇನಲೇ ನಿಂದು?" ಎಂದ.

ಲಗ್ನ ಮೆಟ್ಟಿಲಿನ ಜೊತೆ ಆಗಲಿಲ್ಲ, ಗಿರಿಜಾಳ ಜೊತೆ ಆಯಿತು. ಅವಳು ಮೂರನೆಯ ಇಯತ್ತೆಗೆ ಕಲಿಸುತ್ತಾಳೆ, ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಗಳೊಬ್ಬಳು ಬೆಳಗಾವಿಯಲ್ಲಿ ಓದುತ್ತಾಳೆ. ಎರಡು ವರ್ಷದ ಹಿಂದೆ ಗಿರಿಜಾಳ ಬಲ ಎದೆಯಲ್ಲಿ ಒಂದು ಗಡ್ಡೆ ಕಾಣಿಸಿತು. ಅದನ್ನು ತೆಗೆದರು, ಅದರ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲಿನ ತಿಂಗಳುಗಳ ಕಥೆ ಇಲ್ಲಿ ಬೇಡ. ದಾಟಿ ಬಂದೆವು, ಅಷ್ಟೇ. "ಈಗ ಏನೂ ಇಲ್ಲ" ಎಂದು ಡಾಕ್ಟರಬಾಯಿ ಹೇಳಿದ ದಿನ ನಾನು ಎರಡು ಸಲ "ಖರೇನ್ರೀ?" ಎಂದು ಕೇಳಿ ಬೈಸಿಕೊಂಡೆ.

ಉಳಿದದ್ದು ಬಲಗೈ. ಅದು ಹೆಗಲಿನ ಮಟ್ಟದವರೆಗೆ ಬಂದು, ಮುಂದೆ ದಾರಿಯೇ ಇಲ್ಲವೆಂಬಂತೆ ನಿಂತುಬಿಡುತ್ತಿತ್ತು. ಶಾಲೆಯಲ್ಲಿ ಅವಳು ಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯತೊಡಗಿದಳು. ಕಡೆಯ ಬಾಕಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಮ್ಯಾಲ ಬರೀರಿ, ಮುಂದಿನವರ ತಲಿ ಅಡ್ಡ ಬರ್ತಾವ" ಎಂದಳಂತೆ. ಇದನ್ನು ಗಿರಿಜಾ ಮನೆಯಲ್ಲಿ ನಗುತ್ತ ಹೇಳಿದಳು. ನಗು ಮುಗಿದ ಮೇಲೆ ಬಹಳ ಹೊತ್ತು ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರೋ ಬಿಟ್ಟುಹೋದ ವಸ್ತುವಿನಂತೆ ನೋಡುತ್ತ ಕೂತಿದ್ದಳು.

ವ್ಯಾಯಾಮವೇನೋ ಹೇಳಿಕೊಟ್ಟಿದ್ದರು. ಬಾಗಿಲಿನ ಮೇಲೊಂದು ಸಣ್ಣ ರಾಟೆ, ಅದರ ಮೇಲೊಂದು ಹಗ್ಗ. ಎಡಗೈಯಿಂದ ಜಗ್ಗಿದರೆ ಬಲಗೈ ಮೇಲೇರಬೇಕು. ನಾನು ಎದುರಿಗೆ ನಿಂತು ಎಣಿಸುತ್ತಿದ್ದೆ. ಐದಕ್ಕೇ ಅವಳು ಬಿಟ್ಟುಬಿಡುತ್ತಿದ್ದಳು.

"ಇನ್ನೂ ಹದಿನೈದು ಅದಾವ" ಎಂದರೆ, "ನೀವು ಆ ಕಡೆ ಹೋಗ್ರಿ ಮೊದ್ಲ. ಹೆರಿಗಿ ಕೋಣಿ ಹೊರಗ ನಿಂತವರ ಮಾರಿ ಮಾಡ್ಕೊಂಡು ನಿಂತ್ರ ಯಾರ ಕೈ ಏಳ್ತೈತಿ?" ಎನ್ನುತ್ತಿದ್ದಳು.

ನನ್ನ ಮಾರಿಯ ತಪ್ಪಲ್ಲ ಅದು. ಆ ಕೈಗೆ ಇನ್ನೊಂದು ನೋವಾಗಬಾರದು ಎಂಬುದು ನನ್ನ ಒಂದೇ ಹಟವಾಗಿತ್ತು. ಕೊಡ ನಾನೇ ಎತ್ತಿದೆ, ಕುಕ್ಕರ್ ನಾನೇ ಇಳಿಸಿದೆ, ತರಕಾರಿ ಚೀಲ ನಾನೇ ಹೊತ್ತೆ. ರೊಟ್ಟಿ ಬಡಿಯಲೂ ಕಲಿತೆ. ನನ್ನ ರೊಟ್ಟಿಗಳು ಒಂದೊಂದು ದಿನ ಒಂದೊಂದು ದೇಶದ ಆಕಾರಕ್ಕೆ ಬರುತ್ತಿದ್ದವು, ಸಮಾಜ ವಿಜ್ಞಾನದ ಮಾಸ್ತರನಿಗೆ ತಕ್ಕಂತೆ. "ಬ್ಯಾಡ, ನಾ ಹಿಡೀತೇನಿ" ಎಂಬುದು ದಿನಕ್ಕೆ ಹತ್ತು ಸಲ ನನ್ನ ಬಾಯಿಂದ ಬರುತ್ತಿತ್ತು. ಒಂದು ಕಾರ್ಯದ ಮನೆಯಲ್ಲಿ ಮುತ್ತೈದೆಯರು ಗಿರಿಜಾಳಿಗೆ ಉಡಿ ತುಂಬುತ್ತಿದ್ದರು. ಅಕ್ಕಿ, ಎಲೆಅಡಿಕೆ ಬಂತು. ದೊಡ್ಡದೊಂದು ತೆಂಗಿನಕಾಯಿ ಅವಳ ಸೆರಗಿನತ್ತ ಬರುವುದನ್ನು ಕಂಡದ್ದೇ, ದೂರ ಕೂತಿದ್ದ ನಾನು ಎದ್ದು ಓಡಿ ಎರಡೂ ಕೈ ಒಡ್ಡಿ ಅದನ್ನು ಇಸಿದುಕೊಂಡೆ. ಎಲ್ಲರೂ ನನ್ನತ್ತ ತಿರುಗಿದರು. ಆಮೇಲೆ ಯಜಮಾನತಿ, "ಕೂಡ್ರಿ ಮಾಸ್ತರ, ನಿಮಗೂ ಒಂದು ಕುಬಸ ತರಸ್ತೇವಿ" ಎಂದಳು. ಗಿರಿಜಾ ಎಲ್ಲರ ಜೊತೆ ನಕ್ಕಳು. ಆದರೆ ಸೆರಗಿನ ಎರಡು ತುದಿ ಹಿಡಿದ ಅವಳ ಬೆರಳುಗಳು ಕಾಯಿ ಬಾರದಿದ್ದರೂ ಹಾಗೇ ಒಡ್ಡಿಕೊಂಡು ಇದ್ದದ್ದನ್ನು ನಾನು ಆಗ ನೋಡಿಯೂ ನೋಡಲಿಲ್ಲ.

ಹಾಯಿದೋಣಿಯ ವಿಷಯಕ್ಕೆ ಬರುತ್ತೇನೆ. ಕಾರ್ತಿಕದ ಒಂದು ಶನಿವಾರ ಧಾರವಾಡದಲ್ಲಿ ಡಾಕ್ಟರಬಾಯಿಗೆ ತೋರಿಸಿಕೊಂಡು, ಬಿಸಿ ಮಿರ್ಚಿ ಭಜಿ ತಿನ್ನಬೇಕೆಂಬ ಗಿರಿಜಾಳ ಆಸೆಗೆ ಊರ ಹೊರಗಿನ ಒಂದು ಕೆರೆಯ ದಂಡೆಗೆ ಹೋದೆವು. ಯಾವ ಕೆರೆ ಎಂದು ಹೇಳುವುದಿಲ್ಲ, ಹೇಳಿದರೆ ನೀವೆಲ್ಲ ಬಂದು ನಾನು ಬೀಳುವುದನ್ನು ನೋಡುತ್ತೀರಿ. ಮಳೆಗಾಲದ ನೀರು ಇನ್ನೂ ತುಂಬಿಕೊಂಡಿತ್ತು. ನಡುವೆ ಬಿಳಿ ಹಾಯಿಯ ಸಣ್ಣದೊಂದು ದೋಣಿ, ಸಪ್ಪಳವಿಲ್ಲದೆ ಓರೆಯಾಗಿ ಹೋಗುತ್ತಿತ್ತು. ಎಂಜಿನ್ನಿಲ್ಲ, ಹುಟ್ಟಿಲ್ಲ. ಗಿರಿಜಾ ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಅದು ಆರಿತು.

ದೋಣಿ ದಂಡೆಗೆ ಬಂದಾಗ ಅದರಿಂದ ಇಳಿದವರು ಬಸನಗೌಡರು. ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯವರು. ಊರಲ್ಲಿ ಬಾವಿಗಿಂತ ದೊಡ್ಡ ನೀರು ಕಾಣದೆ ಬೆಳೆದು, ಯಾವುದೋ ಹುಕ್ಕಿಗೆ ನೌಕಾದಳ ಸೇರಿ, ನಿವೃತ್ತರಾಗಿ ಬಂದು, ಸಮುದ್ರದ ನೆನಪಿಗೆಂದು ಎರಡು ಸಣ್ಣ ದೋಣಿ ಇಟ್ಟುಕೊಂಡಿದ್ದರು. ಒಂದರ ಹೆಸರು ಗಂಗವ್ವ, ಇನ್ನೊಂದಕ್ಕೆ ಹೆಸರಿಲ್ಲ. ಆಸೆಯಿದ್ದವರಿಗೆ ರವಿವಾರ ಕಲಿಸುತ್ತಿದ್ದರು.

"ಹೆಂಗಸರು ಕಲೀಬಹುದೇನ್ರಿ?" ಎಂದು ಗಿರಿಜಾ ಕೇಳಿದಳು.

"ಗಾಳಿಗೇನ್ ಗೊತ್ತಾಗ್ತೈತ್ರಿ ಅಕ್ಕಾರ, ಹಗ್ಗ ಹಿಡದವರು ಗಂಡಸೋ ಹೆಂಗಸೋ ಅಂತ?"

"ನನ್ನ ಬಲಗೈ ಪೂರಾ ಏಳೂದಿಲ್ರಿ."

ಗೌಡರು ಅವಳ ಕೈ ನೋಡಲಿಲ್ಲ, ಮುಖ ನೋಡಿದರು. "ಎಷ್ಟ ಏಳ್ತೈತಿ, ಅಷ್ಟ ಸಾಕು. ಹಗ್ಗ ತಲಿ ಮ್ಯಾಲ ಇರೂದಿಲ್ಲ, ಎದಿ ಮಟ್ಟಕ್ಕ ಇರ್ತೈತಿ."

ನನಗಿದ್ದ ಕಡೆಯ ಆಸರೆ ಡಾಕ್ಟರಬಾಯಿ. ಗಿರಿಜಾ ಸ್ನಾನಕ್ಕೆ ಹೋದಾಗ ಗುಟ್ಟಾಗಿ ಫೋನು ಮಾಡಿದೆ. ಹಗ್ಗ, ನೀರು, ಗಾಳಿ, ಬಿಸಿಲು ಎಲ್ಲವನ್ನೂ ಸಾಧ್ಯವಾದಷ್ಟು ಭಯಂಕರವಾಗಿ ವರ್ಣಿಸಿದೆ. ಅವರು ಸಮಾಧಾನದಿಂದ ಕೇಳಿ, "ಛಲೋ ಆತಲ್ರಿ. ಕೈಗೆ ಗಾಯ ಆಗದಂಗ ಕೈಗವಸ ಹಾಕ್ಕೊಳ್ಳಲಿ. ಜಗ್ಗಲಿ, ಸಾಕಾದಾಗ ಬಿಡ್ಲಿ. ಸಾಕಾತು ಅನ್ನೂದು ಆಕಿಗೇ ಗೊತ್ತಾಗ್ತೈತಿ" ಎಂದರು. ಫೋನಿಡುವ ಮೊದಲು, "ನಿಮಗ ಅಷ್ಟ ಅಂಜಿಕಿ ಆಗಾಕತ್ತಿದ್ರ ನಿಮಗೊಂದು ಗುಳಿಗಿ ಬರದು ಕೊಡ್ಲೇನ್ರಿ?" ಎಂದರು.

ಅವಳೊಬ್ಬಳನ್ನೇ ಕಳಿಸುವುದು ಸಾಧ್ಯವಿರಲಿಲ್ಲ. ಹೀಗೆ ನಾನೂ ಸೇರಿಕೊಂಡೆ. ಮೊದಲ ದಿನ ಲೈಫ್ ಜಾಕೆಟ್ ಹಾಕಿಕೊಂಡವನು ಚಹಾ ಕುಡಿಯುವಾಗಲೂ ತೆಗೆಯಲಿಲ್ಲ.

ಇಪ್ಪತ್ತೇಳು ವರ್ಷ ಕಪ್ಪುಹಲಗೆಯ ಮೇಲೆ ಮುಂಗಾರು ಮಾರುತಗಳ ಬಾಣ ಬರೆದವನು ನಾನು. ಗೌಡರು ಕೇಳಿದ ಮೊದಲ ಪ್ರಶ್ನೆ: "ಮಾಸ್ತರ, ಈಗ ಗಾಳಿ ಯಾವ ಕಡಿಂದ ಬರಾಕತ್ತೇತಿ?" ನಾನು ಯೋಚಿಸದೆ "ನೈಋತ್ಯ" ಎಂದೆ. ಅಂದು ಮೂಡಗಾಳಿ ನನ್ನ ಎಡಗಿವಿಗೆ ಸುಂಯ್ ಎಂದು ಬಡಿಯುತ್ತಿತ್ತು. ಗಿರಿಜಾ ಕಣ್ಣುಮುಚ್ಚಿ, ಮುಖವನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ, ಬೆರಳು ಮಾಡಿ ತೋರಿಸಿದಳು. ಪರೀಕ್ಷೆಯಲ್ಲಿ ಅವಳು ಪಾಸಾದಳು.

ದೋಣಿಯಲ್ಲಿ ಕೆಲಸ ಎರಡು. ಹಿಂದೆ ಕೂತವರು ಚುಕ್ಕಾಣಿ ಹಿಡಿಯಬೇಕು, ನಡುವೆ ಕೂತವರು ಹಾಯಿಯ ಹಗ್ಗ ಹಿಡಿಯಬೇಕು. ಹಗ್ಗ ತನಗೆ ಎಂದು ಗಿರಿಜಾ ಮೊದಲೇ ಹೇಳಿಬಿಟ್ಟಳು. ಚುಕ್ಕಾಣಿ ನನ್ನ ಪಾಲಿಗೆ ಬಂತು. ಅದರ ಸ್ವಭಾವ ವಿಚಿತ್ರ. ಅಜ್ಜನ ಚಕ್ಕಡಿಯಲ್ಲಿ ಎಡಹಗ್ಗ ಜಗ್ಗಿದರೆ ಎತ್ತುಗಳು ಎಡಕ್ಕೆ ಹೋಗುತ್ತಿದ್ದವು. ಇಲ್ಲಿ ಹಿಡಿಯನ್ನು ಎಡಕ್ಕೆ ಜಗ್ಗಿದರೆ ದೋಣಿ ಬಲಕ್ಕೆ ತಿರುಗುತ್ತದೆ. ನಾನು ಮೂರು ಸಲ ಗಂಗವ್ವನನ್ನು ದಂಡೆಯ ಆಪಿನ ಹುಲ್ಲಿನೊಳಗೆ ನುಗ್ಗಿಸಿದೆ. ಒಂದು ಸಲ ಎಮ್ಮೆಯೊಂದು ಎದ್ದು ದಾರಿ ಬಿಟ್ಟಿತು.

"ಉಲ್ಟಾ ಮಾಡ್ರಿ ಮಾಸ್ತರ! ಎಲ್ಲಿ ಹೋಗಬೇಕು, ಅದರ ಉಲ್ಟಾ!" ಎಂದು ಗೌಡರು ಇನ್ನೊಂದು ದೋಣಿಯಿಂದ ಕೂಗುತ್ತಿದ್ದರು.

"ಅವರಿಗೆ ಹಂಗ ಹೇಳಬ್ಯಾಡ್ರಿ ಗೌಡ್ರ" ಎಂದಳು ಗಿರಿಜಾ. "ಸೀದಾ ಮಾಡ್ರಿ ಅನ್ರಿ. ತಾವ ಉಲ್ಟಾ ಮಾಡ್ತಾರ. ಮನ್ಯಾಗ ನಾ ಹಂಗ ನಡಸ್ಕೋತ ಬಂದೇನಿ."

ಹಗ್ಗದ ವಿಷಯದಲ್ಲಿ ಮಾತ್ರ ಗೌಡರು ತಮಾಷೆ ಮಾಡುತ್ತಿರಲಿಲ್ಲ. "ಹಗ್ಗ ಯಾವಾಗ್ಲೂ ಕೈಯಾಗ ಇರಬೇಕು. ಎಲ್ಲೂ ಕಟ್ಟೂದಲ್ಲ. ಗಾಳಿ ಜೋರ್ ಬಂತೋ, ಮುಷ್ಟಿ ಬಿಡಬೇಕು. ಬಿಟ್ರ ಹಾಯಿ ಸಡಲ ಆಕ್ಕೈತಿ, ದೋಣಿ ನೆಟ್ಟಗ ನಿಂದರ್ತೈತಿ. ಕಟ್ಟಿದ್ರ ಅದು ಮಗ್ಗಲಾಗೂದು." ಪ್ರತಿ ರವಿವಾರ ಇದನ್ನೇ ಹೇಳುತ್ತಿದ್ದರು. ನಾನೂ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳಿದ್ದನ್ನೇ ಹೇಳುತ್ತೇನೆ, ಅವರೂ ಕೇಳುವುದಿಲ್ಲ.

ಈಗ ಒಂದು ಗಂಟಿನ ಬಗ್ಗೆ ಹೇಳಬೇಕು. ನಮ್ಮಪ್ಪನಿಗೆ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರವಿತ್ತು. ಅಲ್ಲಿ ಹಮಾಲಿ ಮಾಡುತ್ತಿದ್ದ ಫಕೀರಪ್ಪ ಕಾಕಾ ಒಂದು ಸೂಟಿಯಲ್ಲಿ ನನಗೆ ಚೀಲದ ಬಾಯಿ ಕಟ್ಟುವ ಗಂಟು ಕಲಿಸಿದ. ಎರಡು ಸುತ್ತು, ಒಂದು ಕುಣಿಕೆ, ಅಡಿಯಿಂದ ಒಂದು ಎಳೆತ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಜಗ್ಗಿದಷ್ಟೂ ಬಿಗಿಯುತ್ತದೆ. "ಬಿಚ್ಚೂದು ಹೆಂಗ ಕಾಕಾ?" ಎಂದು ನಾನು ಕೇಳಿದಾಗ ಅವನು, "ಬಿಚ್ಚೂದು ನಮ್ಮ ಕೆಲಸಲ್ಲೋ ತಮ್ಮಾ. ತೊಗೊಂಡವರು ಕೊಯ್ಕೋತಾರ" ಎಂದ. ಈಜು ಕಲಿಯದ ನಾನು ಬದುಕಿನಲ್ಲಿ ಚೆನ್ನಾಗಿ ಕಲಿತ ಕೈಗೆಲಸ ಅದೊಂದೇ. ಹಾಸಿಗೆ ಸುರುಳಿ, ಉತ್ತರ ಪತ್ರಿಕೆಗಳ ಕಟ್ಟು, ಮಗಳ ಹಾಸ್ಟೆಲಿಗೆ ಕಳಿಸುವ ಡಬ್ಬಿ, ಎಲ್ಲಕ್ಕೂ ಅದೇ ಗಂಟು. ನಮ್ಮ ಮನೆಯಲ್ಲಿ ಕತ್ತರಿ ಬೇಗ ಮೊಂಡಾಗುತ್ತದೆ.

ನಾಲ್ಕನೆಯ ರವಿವಾರ. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ನಾವಿಬ್ಬರೂ ಗಂಗವ್ವನಲ್ಲಿ, ಗೌಡರು ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದರಲ್ಲಿ. ದಂಡೆಯ ಕಲ್ಲಿನ ಮೇಲೆ ಕೌದಿ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತು ನಮ್ಮನ್ನು ನೋಡಿದಳು.

"ಏ ಗೌಡಾ! ಇದೆಂಥಾ ಸಂಸಾರಪಾ? ಗಂಡಾ ಹಿಂದ ಕುಂತು ಮೆರವಣಿಗಿ ಹೊಂಟಾನ, ಹೇಣ್ತಿ ಜಗ್ಗಾಕತ್ತಾಳ!"

ಪಕ್ಕದ ಕಲ್ಲುಗಳಲ್ಲಿ ಒಗೆಯುತ್ತಿದ್ದ ಹೆಂಗಸರು ನಕ್ಕರು. ಗಿರಿಜಾಳೂ ನಕ್ಕು, "ದಿನಾ ಹಿಂಗಽರಿ ಅಜ್ಜಿ!" ಎಂದು ಕೂಗಿದಳು. ನನಗೆ ನಗು ಬರಲಿಲ್ಲ. ನನ್ನ ಕಣ್ಣು ಅವಳ ತೋಳಿನ ಮೇಲಿತ್ತು. ಅವಳು ನನಗೆ ಬೆನ್ನು ಮಾಡಿ ಕೂತಿದ್ದಳು. ಮೊಣಕೈಯಿಂದ ಮುಂಗೈಯವರೆಗೆ ಸಣ್ಣಗೆ ನಡುಗುತ್ತಿತ್ತು. ಕೇಳಿದರೆ "ಏನಿಲ್ಲ" ಎನ್ನುತ್ತಾಳೆಂದು ಗೊತ್ತಿತ್ತು. ಹಾಗಾಗಿ ಕೇಳಲಿಲ್ಲ. ಅವಳ ಮುಷ್ಟಿಯಿಂದ ಇಳಿದ ಹಗ್ಗ ನನ್ನ ಕಾಲ ಬಳಿ ಬಿದ್ದಿತ್ತು. ಅಲ್ಲೇ ದೋಣಿಯ ತಳದಲ್ಲೊಂದು ಕಬ್ಬಿಣದ ಬಳೆ ಇತ್ತು. ಹಗ್ಗವನ್ನು ಮೆಲ್ಲಗೆ ಬಿಗಿಮಾಡಿ ಆ ಬಳೆಗೆ ಸುತ್ತಿದೆ. ಎರಡು ಸುತ್ತು, ಒಂದು ಕುಣಿಕೆ, ಅಡಿಯಿಂದ ಒಂದು ಎಳೆತ.

ಹಾಯಿಯ ಭಾರ ಅವಳ ಕೈಯಿಂದ ಗಂಟಿಗೆ ಹೋಯಿತು. ತೋಳಿನ ನಡುಕ ನಿಂತಿತು.

ತುಸು ಹೊತ್ತಿನ ಮೇಲೆ ಅವಳು, "ಗಾಳಿ ಕಮ್ಮಿ ಆತೇನ್ರಿ?" ಎಂದು ಕೇಳಿದಳು.

ಹಾಯಿ ಹೊಟ್ಟೆಯುಬ್ಬಿಸಿಕೊಂಡು ನಿಂತಿತ್ತು. "ಇಲ್ಲಲಾ, ಐತಲಾ" ಎಂದೆ. ಸುಳ್ಳು ಹೇಳಬಾರದೆಂದು ಹೇಳಿದ ಖರೆ ಮಾತು ಎಲ್ಲ ಸುಳ್ಳಿಗಿಂತ ಕೆಟ್ಟದಾಯಿತು.

ಅವಳು ಹಾಯಿಯನ್ನೊಮ್ಮೆ, ಕೈಯನ್ನೊಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ, "ಕೈ ನೋಯವಲ್ದು" ಎಂದಳು. ಮತ್ತೆ, ಗಟ್ಟಿಯಾಗಿ: "ರೀ, ನನ್ನ ಕೈ ನೋಯವಲ್ದರೀ! ಗಾಳಿ ಅಷ್ಟ ಐತಿ, ಕೈ ನೋಯವಲ್ದು!" ಹಿಂದೆ ತಿರುಗಿ ನನ್ನನ್ನು ನೋಡಿದಳು. ಆ ಮುಖವನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ನಾನೂ ನಕ್ಕೆ. ಇನ್ನೇನು ಮಾಡಬೇಕಿತ್ತು ಹೇಳಿ. ಪಾದವನ್ನು ಮೆಲ್ಲಗೆ ಸರಿಸಿ ಗಂಟಿನ ಮೇಲೆ ಇಟ್ಟೆ.

ಆಮೇಲಿನದು ಬೇಗ ನಡೆಯಿತು. ಕೆರೆಯ ಆ ಕಡೆಯ ನೀರು ಒಮ್ಮೆಲೇ ಕಪ್ಪಾಗಿ, ಆ ಕಪ್ಪು ನಮ್ಮತ್ತ ಓಡಿ ಬಂತು. "ಗಾಳಿ ಬಂತು! ಬಿಡ್ರಿ ಅಕ್ಕಾರ!" ಎಂದು ಗೌಡರು ಕೂಗಿದರು. ಗಿರಿಜಾ ಕಲಿಸಿದಂತೆಯೇ ಮುಷ್ಟಿ ಬಿಚ್ಚಿದಳು. ಹಗ್ಗ ಹೋಗಲಿಲ್ಲ. "ಹಗ್ಗ ಹೋಗವಲ್ದರೀ!" ಎಂದಳು. ನಾನು ಗಾಬರಿಯಲ್ಲಿ ಚುಕ್ಕಾಣಿಯನ್ನು ಅಜ್ಜನ ಎತ್ತುಗಳಿಗೆ ಜಗ್ಗಿದಂತೆ ಜಗ್ಗಿದೆ. ಗಂಗವ್ವ ನಿಧಾನವಾಗಿ, ದಣಿದ ಎಮ್ಮೆ ಮಲಗಿದಂತೆ, ಮಗ್ಗುಲಾದಳು.

ಮುಳುಗುವಾಗ ಇಡೀ ಬದುಕು ಕಣ್ಣ ಮುಂದೆ ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಗ್ಯಾಸು. ಆರಿಸಿದ್ದೆನೋ ಇಲ್ಲವೋ ಎಂದುಕೊಳ್ಳುವುದರೊಳಗೆ ಲೈಫ್ ಜಾಕೆಟ್ ನನ್ನನ್ನು ಬೆಂಡಿನಂತೆ ಮೇಲೆತ್ತಿತು.

"ಗಿರಿಜಾ!"

"ಇಲ್ಲೇ ಅದೀನ್ರಿ. ಒದರಬ್ಯಾಡ್ರಿ."

ಅವಳು ಎಡಗೈಯಿಂದ ದೋಣಿಯ ಅಂಚು ಹಿಡಿದುಕೊಂಡಿದ್ದಳು. ಗೌಡರ ದೋಣಿ ಹತ್ತಿರ ಬಂತು. "ಹಗ್ಗ ಸಡಲ ಬಿಡ್ರಿ, ಇಲ್ಲಂದ್ರ ದೋಣಿ ಏಳೂದಿಲ್ಲ!"

"ಬಿಟ್ಟೇನ್ರಿ ಗೌಡ್ರ. ಎಲ್ಲೋ ಸಿಗಿಬಿದ್ದೈತಿ" ಎಂದು ಗಿರಿಜಾ ಹಗ್ಗವನ್ನೇ ಹಿಡಿದು ಸರಿಯುತ್ತ ಸರಿಯುತ್ತ ಬಂದಳು. ಬಳೆಯವರೆಗೆ ಬಂದಳು. ನಿಂತಳು.

ಇಪ್ಪತ್ತಾರು ವರ್ಷ ಆ ಗಂಟನ್ನು ಕತ್ತರಿಯಿಂದ ಕತ್ತರಿಸಿದವಳು. ಯಾರು ಕಟ್ಟಿದರು ಎಂದು ಕೇಳುವ ಅಗತ್ಯ ಅವಳಿಗಿರಲಿಲ್ಲ. ಒದ್ದೆ ಕೂದಲು ಹಣೆಗೆ ಅಂಟಿತ್ತು. ಗಂಟನ್ನು ನೋಡಿದಳು, ಆಮೇಲೆ ತನ್ನ ಬಲಗೈಯನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

ನಾನು ಬಿಚ್ಚಲು ಹೋದೆ. ನೀರಿನಲ್ಲಿ ನೆನೆದ ಗಂಟು ಕಲ್ಲಾಗಿತ್ತು. ಗೌಡರು ಸೊಂಟದ ಚಾಕು ತೆಗೆದು ಕೊಯ್ದರು. ಕೊಯ್ಯುವ ಮೊದಲು ಒಮ್ಮೆ ನೋಡಿ, "ಚೀಲದ ಗಂಟಲ್ರಿ ಮಾಸ್ತರ ಇದು?" ಎಂದರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಅವರು ಗಿರಿಜಾಳಿಗೆ ಹೇಳಿಕೊಟ್ಟರು. ಮಗ್ಗುಲಾದ ದೋಣಿಯ ಹೊಟ್ಟೆಯಿಂದ ಒಂದು ಹಲಗೆ ಹೊರಗೆ ಚಾಚಿಕೊಂಡಿರುತ್ತದೆ. ಅದರ ಮೇಲೆ ಹತ್ತಿ ನಿಂತು ಹಿಂದಕ್ಕೆ ವಾಲಿದರೆ ದೋಣಿ ಏಳುತ್ತದೆ. "ಕೈಲೆ ಜಗ್ಗಬ್ಯಾಡ್ರಿ ಅಕ್ಕಾರ. ಸುಮ್ನ ಹಿಡಕೊಂಡು ಮೈ ಹಿಂದ ಹಾಕ್ರಿ. ನಿಮ್ಮ ಭಾರಾನ ಸಾಕು." ನಾನು ಅತ್ತ ತೇಲಿಹೋಗಲು ಕಾಲು ಬಡಿದೆ. "ಮಾಸ್ತರ, ನೀವು ಅಲ್ಲೇ ಇರ್ರಿ" ಎಂದರು ಗೌಡರು. ಅಲ್ಲೇ ಇದ್ದೆ. ಮೊದಲ ಸಲ ಅವಳು ಜಾರಿ ಬಿದ್ದಳು. ಎರಡನೆಯ ಸಲವೂ. ಮೂರನೆಯ ಸಲ, ಕೆರೆಗೆ ಬರುವಾಗ ಸೀರೆ ಬಿಟ್ಟು ಚೂಡಿದಾರ ಹಾಕುತ್ತಿದ್ದ ನನ್ನ ಹೆಂಡತಿ ಹಲಗೆಯ ಮೇಲೆ ನೆಟ್ಟಗೆ ನಿಂತು ಆಕಾಶದ ಕಡೆ ಮುಖ ಮಾಡಿ ಹಿಂದಕ್ಕೆ ವಾಲಿದಳು. ನೀರು ಸುರಿಸುತ್ತ ಹಾಯಿ ಎದ್ದಿತು. ದಂಡೆಯಲ್ಲಿ ಅಜ್ಜಿ ಕೌದಿ ಬಿಟ್ಟು, "ಭಲೇ ನಮ್ಮವ್ವಾ!" ಎಂದು ಕೂಗಿದಳು.

ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಕಡೆ ಕೂತಳು. ಮಾತಿಲ್ಲ. ಸೋಮವಾರ ಮಾತಿಲ್ಲ. ಕುಕ್ಕರನ್ನು ಎರಡೂ ಕೈಯಿಂದ ತಾನೇ ಇಳಿಸಿದಳು. ನಾನು ಬಾಗಿಲಲ್ಲಿ ನಿಂತವನು ಹೆಜ್ಜೆ ಮುಂದಿಟ್ಟು ಹಿಂದಿಟ್ಟೆ. ಮಂಗಳವಾರ ನಾನು ಒಲೆಯ ಮುಂದೆ ನಿಂತು ಚಂದದ ರೊಟ್ಟಿ ಬಡಿಯಲು ನೋಡಿದೆ, ಆಸ್ಟ್ರೇಲಿಯಾ ಬಂತು. ಬುಧವಾರ ಸಂಜೆ ಅವಳು ಮೂರನೆಯ ಇಯತ್ತೆಯ ವಹಿಗಳನ್ನು ತಿದ್ದುತ್ತ ಕೂತಿದ್ದಳು. ಒಂದು ವಹಿಯನ್ನು ಬಹಳ ಹೊತ್ತು ತೆರೆದಿಟ್ಟುಕೊಂಡು, ತಲೆ ಎತ್ತದೆಯೇ ಹೇಳಿದಳು:

"ನನ್ನ ಕೈ ಛಲೋ ಆತಂತ ತಿಳಕೊಂಡಿದ್ದೆ."

ನಾನು ಬಂದು ಅವಳೆದುರಿಗೆ ಕೂತೆ.

"ಒಂದ್ ಐದು ನಿಮಿಷ ಇರಬೇಕು. ಆ ಐದು ನಿಮಿಷದಾಗ ಏನೇನು ಅಂದ್ಕೊಂಡೆ ಗೊತ್ತೇನ್ರಿ ನಿಮಗ? ಹಲಗಿ ಮ್ಯಾಲ ತುದಿತನಾ ಬರದೆ. ಮಗಳ ತಲಿ ಬಾಚಿ ಹೆಳ್ಳು ಹಾಕಿದೆ. ಎಲ್ಲಾ ಮಾಡಿದೆ."

"ನಿನ್ನ ಕೈ ನಡಗಾಕತ್ತಿತ್ತು. ನನಗ ನೋಡಾಕಾಗಲಿಲ್ಲ."

"ನಡಗ್ಲಿ ಬಿಡ್ರಿ. ನನ್ನ ಕೈ, ನಡಗ್ತೈತಿ." ಪೆನ್ನು ಕೆಳಗಿಟ್ಟಳು. "ಡಾಕ್ಟರಬಾಯಿ ಕೊಯ್ಯೂದಕ್ಕಿಂತ ಮೊದ್ಲ ಮೂರು ಸಲ ನನ್ನ ಕೇಳಿದ್ರು. ನೀವು ಒಂದು ಸಲಾನೂ ಕೇಳದ ಕಟ್ಟಿದ್ರಿ."

ಅವಳ ಧ್ವನಿ ಏರಿರಲಿಲ್ಲ. ಇಪ್ಪತ್ತೇಳು ವರ್ಷದ ಪಾಠದಲ್ಲಿ ನನಗೆ ಉತ್ತರ ಹೊಳೆಯದ ಪ್ರಶ್ನೆಗಳು ಬಹಳ ಬಂದಿವೆ. ಆಗೆಲ್ಲ "ನಾಳೆ ಹೇಳ್ತೇನಿ" ಎಂದು ಪಾರಾಗಿದ್ದೇನೆ. ಇಲ್ಲಿ ಪಾರಾಗುವಂತಿರಲಿಲ್ಲ. ಮನಸ್ಸಿನಲ್ಲಿ ಬಂದದ್ದು ಒಂದೇ: ಇಷ್ಟು ದಿನ ನಾನು ಯಾರ ಅಂಜಿಕೆಯನ್ನು ನೋಡಿಕೊಳ್ಳುತ್ತಿದ್ದೆ? ಅವಳದಲ್ಲ, ಅವಳಿಗೆ ಅಂಜಿಕೆ ಇದ್ದಂತೆ ಕಾಣಲಿಲ್ಲ. ನನ್ನದನ್ನೇ ಅವಳ ಕೈಗೆ ಪಟ್ಟಿ ಕಟ್ಟಿದಂತೆ ಕಟ್ಟುತ್ತ ಬಂದಿದ್ದೆ.

"ತಪ್ಪಾತು" ಎಂದೆ. ಮಾಸ್ತರರ ಬಾಯಲ್ಲಿ ಕಷ್ಟದ ಶಬ್ದ.

ಅವಳು ವಹಿಯ ಹಾಳೆ ಮಗುಚಿದಳು. "ರವಿವಾರ ಚುಕ್ಕಾಣಿ ಯಾರ ಹಿಡೀತಾರ?" ಎಂದಳು. ಅದು ಕರೆಯೋ ಪ್ರಶ್ನೆಯೋ ತಿಳಿಯಲು ನನಗೆ ಶನಿವಾರದವರೆಗೆ ಹಿಡಿಯಿತು.

ರವಿವಾರ ಗೌಡರು ಏನೂ ಆಗಿಲ್ಲವೆಂಬಂತೆ ನಮ್ಮನ್ನು ಗಂಗವ್ವನಲ್ಲಿ ಕೂಡಿಸಿ ದೂಡಿದರು. ಹಗ್ಗ ಹೊಸದು, ಗಟ್ಟಿ. ಗಾಳಿ ಹೋದ ವಾರದಷ್ಟೇ ಇತ್ತು. ಗಿರಿಜಾ ಕೈಗವಸು ಹಾಕಿಕೊಂಡು ಹಗ್ಗವನ್ನು ಎದೆಯ ಮಟ್ಟಕ್ಕೆ ತಂದಳು. ದೋಣಿ ವಾಲಿ, ಸರಿಹೋಗಿ, ಹೊರಟಿತು. ನಾವು ಆಪನ್ನು ದಾಟಿದೆವು. ನಡುಕೆರೆಗೆ ಬಂದೆವು. ಒಮ್ಮೆ ನೀರು ಕಪ್ಪಾಗಿ ಬಂದಾಗ ಅವಳು ಹಗ್ಗವನ್ನು ಬಿಟ್ಟು, ದೋಣಿ ನೆಟ್ಟಗಾದ ಮೇಲೆ ಮತ್ತೆ ಎಳೆದುಕೊಂಡಳು. ಅವಳ ತೋಳು ನಡುಗಲು ಸುರುವಾಯಿತು. ಮೊಣಕೈ, ಆಮೇಲೆ ಮುಂಗೈ. ನನ್ನ ಬಾಯಿಗೆ ಬಂದ ಮಾತನ್ನು ನುಂಗಿದೆ. ಇನ್ನೊಂದು ಬಂತು, ಅದನ್ನೂ ನುಂಗಿದೆ. ದಂಡೆಯ ಗಿಡಗಳನ್ನು ಎಣಿಸತೊಡಗಿದೆ. ಹನ್ನೊಂದಕ್ಕೆ ಬಂದು ತಪ್ಪಿ, ಮತ್ತೆ ಒಂದರಿಂದ.

"ರೀ."

"ಹೂಂ?"

"ಸ್ವಲ್ಪ ಹಿಡೀರಿ. ಕೈ ಸೋತೈತಿ."

ಎರಡು ವರ್ಷದಲ್ಲಿ ಅವಳು ನನ್ನನ್ನು ಏನನ್ನಾದರೂ ಹಿಡಿಯಲು ಕೇಳಿದ್ದು ಅದೇ ಮೊದಲು. ಕೇಳಲು ನಾನು ಸಂದು ಕೊಟ್ಟಿರಲಿಲ್ಲ. ಎಡಗೈಯಲ್ಲಿ ಚುಕ್ಕಾಣಿ ಹಿಡಿದು, ಬಲಗೈ ಮುಂದೆ ಚಾಚಿ ಹಗ್ಗ ತೆಗೆದುಕೊಂಡೆ. ಅದರ ತುದಿಯಲ್ಲಿ ಇಡೀ ಗಾಳಿ ಇತ್ತು. ಇಷ್ಟು ಭಾರವನ್ನು ಅವಳು ಇಷ್ಟು ಹೊತ್ತು ಹಿಡಿದಿದ್ದಳೇ ಎಂದು ನನಗೆ ಆಗ ತಿಳಿಯಿತು.

ಗಿರಿಜಾ ಕೈಗವಸು ತೆಗೆದು, ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, ಕೈಯನ್ನು ನೀರಿನಲ್ಲಿ ಇಳಿಬಿಟ್ಟಳು. ಬೆರಳ ಸಂದಿಯಿಂದ ನಾಲ್ಕು ಸಣ್ಣ ಗೆರೆಗಳು ಹಿಂದಕ್ಕೆ ಹರಿದವು. ಅವಳು ಕಣ್ಣುಮುಚ್ಚಿದ್ದಳು. ಅವಳು ಹಾಗೇ ಇರಲಿ, ಕೆರೆ ಇನ್ನೂ ಉದ್ದವಾಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಆಮೇಲೆ ಅವಳು ಕೈ ಝಾಡಿಸಿ, ಕೈಗವಸು ಹಾಕಿಕೊಂಡು, ನನ್ನತ್ತ ಅಂಗೈ ಚಾಚಿದಳು.

"ಕೊಡ್ರಿ ಇನ್ನ."

ಇಷ್ಟು ಲಗೂನೇ, ಇನ್ನಷ್ಟು ಹೊತ್ತು ಇರಲಿ ಎಂಬ ಮಾತು ಹಲ್ಲಿನವರೆಗೆ ಬಂದಿತ್ತು.

ಕೊಟ್ಟೆ.